ವಿಹಾರಯಾತ್ರೆಯ ಹೊರೆ ಮಸ್ಕಿಯ ಗುಡ್ಡಕ್ಕೇಕೆ?

ರಾಯಚೂರು ಜಿಲ್ಲೆಯ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯಲ್ಲಿ ಮಸ್ಕಿ ಇದೆ. ಊರಿಗೆ ಹೊಂದಿಕೊಂಡ ಗುಡ್ಡದ ಬಂಡೆಯೊಂದರ ಮೇಲೆ ಅಶೋಕನ ಶಾಸನವಿದೆ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಇದನ್ನು ಗುರುತಿಸಿದರು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದು ಕಾಣುತ್ತಿತ್ತೇ ಹೊರತು ಅರಸನ ಹೆಸರು ಕಾಣುತ್ತಿರಲಿಲ್ಲ. ಆ ಬಿರುದಿನ ಅರಸ ಅಶೋಕನೇ ಎಂದು ಹೆಸರುಸಹಿತ ತಿಳಿಸಿದ್ದು ಮಸ್ಕಿಯ ಬಂಡೆ. ಶಾಸನದ ತಿರುಳು ಅದರ ಕೀರ್ತಿಗಿಂತ ಹಿರಿದು. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಮೀಸಲೆಂದು ಬಗೆಯಬಾರದು, ಧರ್ಮದಲ್ಲಿ ನಿಂತ ಸಣ್ಣವನೂ ಅದನ್ನು ಪಡೆಯಬಲ್ಲನು, ಈ ಮಾತನ್ನು ಇಬ್ಬರಿಗೂ ತಿಳಿಸಬೇಕು ಎಂಬುದು ಅದರ ಆಶಯ.

ಮಲೆನಾಡಿನ ಶಿಖರಗಳಲ್ಲಿ ಜನಜಂಗುಳಿ ಹೆಚ್ಚಿದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ. ಕುಮಾರಪರ್ವತ, ಮುಳ್ಳಯ್ಯನಗಿರಿ, ಕುದುರೆಮುಖಗಳಿಗೆ ಮುಗಿಬೀಳುವವರನ್ನು ‘ಇನ್ನೂ ಬೆಳಕಿಗೆ ಬಾರದ’ ಬಯಲುಸೀಮೆಯ ಗುಡ್ಡಗಳತ್ತ ತಿರುಗಿಸಿದರೆ ಎರಡೂ ಕಡೆ ಲಾಭವೆಂಬುದು ಆ ವಾದ. ಮಸ್ಕಿಯ ಶಾಸನ, ಮುದಗಲ್ಲಿನ ಕೋಟೆ, ಕೃಷ್ಣೆಯ ನೀರಿನ ನಡುವಿನ ಜಲದುರ್ಗ, ಹಟ್ಟಿಯ ಚಿನ್ನದ ಗಣಿ ಇವನ್ನೆಲ್ಲ ಪೋಣಿಸಿ ಮಾರ್ಗದರ್ಶಿ ಸಹಿತವಾದ ನಡಿಗೆಯ ಪ್ರವಾಸ ಏರ್ಪಡಿಸುವುದು ಕಷ್ಟವೇನಲ್ಲ. ಕೇಳುವುದಕ್ಕೆ ಇದು ಹಿತವಾಗಿಯೂ ಇದೆ. ಆದರೆ ಒಂದು ಗುಡ್ಡದ ರೋಗವನ್ನು ಮತ್ತೊಂದು ಗುಡ್ಡಕ್ಕೆ ಅಂಟಿಸುವುದನ್ನು ಚಿಕಿತ್ಸೆ ಎಂದು ಕರೆಯಲಾದೀತೇ?

ಘಟ್ಟದಲ್ಲಿ ನಡೆದುದನ್ನು ನೆನೆಯಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಸಾವಿರಾರು ಜನ ಒಬ್ಬರ ಹಿಂದೊಬ್ಬರು ಸಾಲುಗಟ್ಟಿ ನಿಂತ ದೃಶ್ಯ ನಾಡಿನಾದ್ಯಂತ ಹರಡಿತು. ಅರಣ್ಯ ಇಲಾಖೆ ಚಾರಣಗಳಿಗೆ ತಡೆ ಹಾಕಿತು. ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಹೆಸರಿನ ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಬಂದು, ದಾರಿಯೊಂದಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ಗೊತ್ತಾಯಿತು. ಮಿತಿ ಬೇಕಾಗಿತ್ತು, ಬಂದುದು ಒಳ್ಳೆಯದೇ. ಆದರೆ ತಲೆಯೆಣಿಕೆಯಿಂದ ಮುಖ್ಯ ಪ್ರಶ್ನೆ ತೀರುವುದಿಲ್ಲ. ದಾರಿ ಯಾರದು? ಅದರ ಬುಡದಲ್ಲಿರುವ ಹಳ್ಳಿಯನ್ನು ಕೇಳಿದವರು ಯಾರು? ಟಿಕೆಟ್ಟಿನ ಹಣದಲ್ಲಿ ಕೊರಕಲು ಬಿದ್ದ ಕಾಲುದಾರಿಗೆ ಮರಳಿದ್ದು ಎಷ್ಟು? ಘಟ್ಟದಲ್ಲಿ ಈ ಪ್ರಶ್ನೆಗಳಿಗೆ ಉತ್ತರ ದೊರೆಯುವ ಮುನ್ನವೇ ಹೊರೆಯನ್ನು ಮಸ್ಕಿಯ ಹೆಗಲಿಗೆ ದಾಟಿಸುವುದು ನ್ಯಾಯವಲ್ಲ.

ನಡಿಗೆಯ ಪ್ರವಾಸವೆಂದರೆ ವಾಹನದ ಹೊಗೆಯಿಲ್ಲದ ನಿರುಪದ್ರವಿ ಚಟುವಟಿಕೆ ಎಂದು ನಂಬುವವರು ಮೆಡಿಟರೇನಿಯನ್ ಕರಾವಳಿಯನ್ನು ನೋಡಬೇಕು. ಇಟಲಿಯ ಚಿಂಕ್ವೆ ತೆರ್ರೆ ಎಂಬಲ್ಲಿ ಐದು ಹಳ್ಳಿಗಳು ಕಡಲಿಗೆ ಕಡಿದಾಗಿ ಇಳಿಯುವ ಬೆಟ್ಟಗಳಿಗೆ ಅಂಟಿಕೊಂಡಿವೆ. ಅಲ್ಲಿನ ರೈತರು ಶತಮಾನಗಳ ಕಾಲ ಗಾರೆಯಿಲ್ಲದ ಕಲ್ಲುಪಾಗಾರಗಳನ್ನು ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಮಣ್ಣು ಹಿಡಿದು ದ್ರಾಕ್ಷಿ ಬೆಳೆದರು. ಈಗ ಪ್ರವಾಸಿಗರು ನಡೆಯುವ ದಾರಿಗಳಲ್ಲಿ ಹಲವು ಆ ರೈತರು ತೋಟಕ್ಕೆ ಹೋಗುತ್ತಿದ್ದ ದಾರಿಗಳು. 1997ರಲ್ಲಿ ಯುನೆಸ್ಕೋ ಮನ್ನಣೆ, 1999ರಲ್ಲಿ ರಾಷ್ಟ್ರೀಯ ಉದ್ಯಾನದ ಪಟ್ಟ ದೊರೆತವು. ಪ್ರವಾಸಿಗರು ಲಕ್ಷಗಟ್ಟಲೆ ಬಂದರು. ಬೇಸಾಯ ಮಾತ್ರ ಮರಳಿ ಬರಲಿಲ್ಲ. ದಶಕಗಳಿಂದ ಜನ ಮೊದಲು ಪಟ್ಟಣದ ಕೆಲಸಕ್ಕೆ, ಬಳಿಕ ವಸತಿ-ಊಟದ ವ್ಯಾಪಾರಕ್ಕೆ ಸರಿದಂತೆ ಪಾಗಾರಗಳು ಪಾಳುಬಿದ್ದವು. 2011ರ ಅಕ್ಟೋಬರ್ 25ರಂದು ಮಹಾಮಳೆ ಸುರಿದಾಗ ವೆರ್ನಾತ್ಸ ಮತ್ತು ಮೊಂತೆರೊಸ್ಸೊ ಹಳ್ಳಿಗಳು ಕೆಸರಿನಲ್ಲಿ ಹೂತವು, ಜೀವಹಾನಿಯಾಯಿತು. ಉಳುಮೆ ನಿಂತ ಮೆಟ್ಟಿಲು ಹೊಲಗಳೇ ಹೆಚ್ಚಾಗಿ ಕುಸಿದುದನ್ನು ಭೂವಿಜ್ಞಾನಿಗಳು ದಾಖಲಿಸಿದ್ದಾರೆ. ಮರುವರ್ಷ ಅಲ್ಲಿನ ಅತಿ ಪ್ರಸಿದ್ಧ ಕಾಲುದಾರಿಯ ಮೇಲೆ ಕಲ್ಲುರುಳಿ ಪ್ರವಾಸಿಗರು ಗಾಯಗೊಂಡರು. ಆ ದಾರಿ ಮತ್ತೆ ತೆರೆದುದು 2024ರಲ್ಲಿ. ಬೆಟ್ಟವನ್ನು ಹಿಡಿದು ನಿಲ್ಲಿಸುವುದು ರೈತನ ಕೈ. ಆ ಕೈ ಸೋತ ಮೇಲೆ ನೋಡಲು ಬಂದವರ ಹಣದಿಂದ ಬೆಟ್ಟ ನಿಲ್ಲುವುದಿಲ್ಲ.

ಮಸ್ಕಿಯ ಗುಡ್ಡಗಳು ಇಟಲಿಯ ಬೆಟ್ಟಗಳಂತಲ್ಲ, ಮಲೆನಾಡಿನಂತೆಯೂ ಅಲ್ಲ. ಇಲ್ಲಿ ಮಳೆ ಕಡಿಮೆ, ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬಂಡೆಗಳ ದೊಣೆಗಳಲ್ಲಿ ನಿಂತ ಮಳೆನೀರು ಕುರಿ-ಮೇಕೆಗಳಿಗೂ ಹಕ್ಕಿಗಳಿಗೂ ಆಸರೆ. ಆ ದೊಣೆಗೆ ಪ್ಲಾಸ್ಟಿಕ್ ಬಾಟಲಿಗಳು ಬಿದ್ದರೆ ನೀರಿಗೆ ಬದಲಿ ಎಲ್ಲಿಂದ? ನೆಲದ ಮಾತಂತೂ ಇನ್ನೂ ಸೂಕ್ಷ್ಮ. 1954ರಲ್ಲಿ ಪುರಾತತ್ವ ಇಲಾಖೆ ಇಲ್ಲಿ ಉತ್ಖನನ ನಡೆಸಿದಾಗ ನವಶಿಲಾಯುಗದಿಂದ ಬೃಹತ್ ಶಿಲಾಯುಗದವರೆಗಿನ ವಸತಿಯ ಕುರುಹುಗಳು ದೊರೆತವು. ಇಂತಹ ನೆಲದಲ್ಲಿ ಒಂದು ಮಡಕೆಯ ಚೂರೂ ಚರಿತ್ರೆಯೇ. ನೂರಾರು ಬೂಟುಗಳು ಅದನ್ನು ತುಳಿದು ಪುಡಿಮಾಡುತ್ತವೆ, ನೆನಪಿಗೆಂದು ಕೆಲವರು ಜೇಬಿಗೂ ಹಾಕಿಕೊಳ್ಳುತ್ತಾರೆ.

ಹಿಂದುಳಿದ ಜಿಲ್ಲೆಗೆ ಉದ್ಯೋಗ ಬೇಡವೇ ಎಂಬ ಪ್ರಶ್ನೆ ಬರುತ್ತದೆ. ಖಂಡಿತ ಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರನ್ನು ಭತ್ತದ ಕಣಜವನ್ನಾಗಿ ಮಾಡಿದೆ. ಆದರೆ ಅದೇ ಕಾಲುವೆಯ ಕೆಳಭಾಗದ ರೈತರು ಪ್ರತಿವರ್ಷ ನೀರಿಗಾಗಿ ಬೀದಿಗಿಳಿಯುತ್ತಾರೆ. ಮಸ್ಕಿ, ಲಿಂಗಸುಗೂರು ಭಾಗದ ಬಡವರು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಬೆಂಗಳೂರಿನವರು ವಾರಾಂತ್ಯದ ವಿನೋದಕ್ಕೆ ಇಲ್ಲಿಗೆ ನಡೆಯಲು ಬರುವುದು, ಇಲ್ಲಿನವರು ಹೊಟ್ಟೆಪಾಡಿಗೆ ಅಲ್ಲಿಗೆ ಹೋಗುವುದು, ಇದರಲ್ಲಿ ಅಭಿವೃದ್ಧಿ ಎಲ್ಲಿದೆ? ಪ್ರವಾಸದ ಯಜಮಾನಿಕೆ ಹೊರಗಿನವರದಾದರೆ ಊರಿನ ಪಾಲಿಗೆ ಉಳಿಯುವುದು ಚಹಾದಂಗಡಿ ಮತ್ತು ಕಸದ ರಾಶಿ.

ಈ ಭೇದವನ್ನು ಅಶೋಕನೇ ಗುರುತಿಸಿದ್ದನು. ಗಿರ್ನಾರ್ ಮೊದಲಾದೆಡೆ ಇರುವ ಅವನ ಎಂಟನೆಯ ಬಂಡೆಶಾಸನದಲ್ಲಿ ಎರಡು ಬಗೆಯ ಯಾತ್ರೆಗಳ ಪ್ರಸ್ತಾಪವಿದೆ. ಹಿಂದಿನ ಅರಸರು ಬೇಟೆ ಮತ್ತು ಮನರಂಜನೆಗಾಗಿ ವಿಹಾರಯಾತ್ರೆ ಹೋಗುತ್ತಿದ್ದರು. ಅಶೋಕನು ಪಟ್ಟಾಭಿಷೇಕವಾದ ಹತ್ತು ವರ್ಷಗಳ ಬಳಿಕ ಅದರ ಬದಲು ಧರ್ಮಯಾತ್ರೆಯನ್ನು ಆರಂಭಿಸಿದನು. ಅಲ್ಲಿ ವೃದ್ಧರ ದರ್ಶನವಿದೆ, ದಾನವಿದೆ, ನಾಡಿನ ಜನರ ಭೇಟಿಯಿದೆ. ಪಶ್ಚಿಮಘಟ್ಟದ ಜನರಿಗೂ ಅಂತಹ ನಡಿಗೆ ಹೊಸದಲ್ಲ. 1987ರ ನವೆಂಬರಿನಲ್ಲಿ ಕನ್ಯಾಕುಮಾರಿಯಿಂದಲೂ ಮಹಾರಾಷ್ಟ್ರದ ನವಾಪುರದಿಂದಲೂ ಹೊರಟ ‘ಪಶ್ಚಿಮಘಟ್ಟ ಉಳಿಸಿ’ ಪಾದಯಾತ್ರೆಯ ತಂಡಗಳು 1988ರ ಫೆಬ್ರುವರಿಯಲ್ಲಿ ಗೋವೆಯಲ್ಲಿ ಕೂಡಿದವು. ಅವರು ಹಳ್ಳಿಗಳ ಮೂಲಕ, ಹಳ್ಳಿಯವರ ಮಾತು ಕೇಳುತ್ತ ನಡೆದರು.

ಆದುದರಿಂದ ಸಿಂಧನೂರು-ಮಸ್ಕಿ-ಲಿಂಗಸುಗೂರಿನ ದಾರಿಯಲ್ಲಿ ಯಾರೂ ನಡೆಯಬಾರದು ಎಂಬುದು ಇಲ್ಲಿನ ವಾದವಲ್ಲ. ನಡೆಯುವ ಮೊದಲು ಊರನ್ನು ಕೇಳಬೇಕು. ಗ್ರಾಮಸಭೆ, ಪುರಸಭೆಗಳ ಬಹಿರಂಗ ಒಪ್ಪಿಗೆಯಿಲ್ಲದೆ ಯಾವ ಬುಕಿಂಗ್ ತೆರೆಯಕೂಡದು. ಮಾರ್ಗದರ್ಶಿ ಆ ಗುಡ್ಡದಲ್ಲೇ ಕುರಿ ಕಾಯ್ದವನೋ ಆ ಊರಿನ ಕಾಲೇಜಿನಲ್ಲಿ ಓದಿದವಳೋ ಆಗಿರಬೇಕು, ಕೂಲಿಯೂ ಗೌರವಕ್ಕೆ ತಕ್ಕಂತಿರಬೇಕು. ಶುಲ್ಕದ ನಿಶ್ಚಿತ ಪಾಲು ಕೆರೆ, ಒಡ್ಡು, ದೊಣೆಗಳ ದುರಸ್ತಿಗೆ ಮೊದಲು ಸಲ್ಲಬೇಕು, ಅದರ ಲೆಕ್ಕವನ್ನು ಊರಿನ ಸಭೆಯಲ್ಲಿ ಓದಬೇಕು. ಬೇಸಿಗೆಯ ತಿಂಗಳುಗಳಲ್ಲಿ ಗುಡ್ಡವನ್ನು ಪ್ರಾಣಿಪಕ್ಷಿಗಳಿಗೆ ಬಿಡಬೇಕು. ಶಾಸನದ ಬಂಡೆಯ ಸುತ್ತ ರೆಸಾರ್ಟು, ಹೊಸ ರಸ್ತೆಗಳ ಮಾತು ಏಳಲೇಬಾರದು.

ಮಲೆನಾಡಿನ ಹಳ್ಳಿಗಳೂ ಇದೇ ಷರತ್ತುಗಳನ್ನು ತಮ್ಮ ದಾರಿಗಳಿಗೆ ವಿಧಿಸಬೇಕು. ಘಟ್ಟದ ಜನರು ತಮ್ಮ ಹೊರೆ ಇಳಿದರೆ ಸಾಕೆಂದು ಬಯಲುಸೀಮೆಯತ್ತ ಕೈ ತೋರಿಸಿದರೆ, ನಾಳೆ ಬಯಲಿನವರೂ ಮತ್ತೊಂದು ಗುಡ್ಡದತ್ತ ಕೈ ತೋರಿಸುವರು. ಈ ರಜೆಯಲ್ಲಿ ಚಾರಣಕ್ಕೆ ಹೊರಡುವ ವಿದ್ಯಾರ್ಥಿಗಳು ಟಿಕೆಟ್ಟು ಕೊಳ್ಳುವ ಮುನ್ನ ಆ ದಾರಿಯ ಹಳ್ಳಿಯವರನ್ನು ಒಂದು ಮಾತು ಕೇಳಲಿ. ಅವರು ಬೇಡವೆಂದರೆ ಮರಳಿ ಬರುವ ವಿವೇಕವೂ ಚಾರಣದ ಶಿಕ್ಷಣವೇ.