ನಿತ್ಯ ಅರಳುವುದೋ, ಶರತ್ತಿಗೆ ಕಾಯುವುದೋ?

ಮುಂಗಾರಿನ ಮೊದಲ ಮಳೆಗೆ ನೆಲ ಹದವಾಯಿತೆಂದರೆ ಸೊಲ್ಲಾಪುರ, ಅಕ್ಕಲಕೋಟೆಗಳ ಮನೆಗಳಲ್ಲಿ ಒಂದು ಚರ್ಚೆ ಏಳುವುದುಂಟು: ಅಂಗಳದಲ್ಲಿ ಉಳಿದಿರುವ ತುಸು ಜಾಗಕ್ಕೆ ಯಾವ ಹೂವಿನ ಗಿಡ ಹಚ್ಚಬೇಕು? ಒಮ್ಮೆ ನೆಟ್ಟರೆ ಹಲವು ವರ್ಷ ಬಾಳುವ ಗಿಡವೇ ಇರಲಿ ಎಂಬಲ್ಲಿ ಸಾಮಾನ್ಯವಾಗಿ ತಕರಾರಿಲ್ಲ. ತಕರಾರು ಇರುವುದು ಅದು ಹೂ ಬಿಡುವ ಕಾಲದ ಬಗ್ಗೆ. ಕಣಗಿಲೆ, ನಂದಿಬಟ್ಟಲು, ದಾಸವಾಳ, ನಿತ್ಯಪುಷ್ಪ, ಕಾಗದದ ಹೂವಿನಂಥ ಸದಾ ಅರಳುವ ಗಿಡಗಳೇ ಸಾಕು ಎನ್ನುವುದು ಒಂದು ಪಕ್ಷ. ಆಶ್ವೀಜ, ಕಾರ್ತಿಕಗಳಿಗೆಂದೇ ಮೊಗ್ಗು ಕಟ್ಟುವ ಸೇವಂತಿಗೆ, ಪಾರಿಜಾತ, ಸುಗಂಧರಾಜ, ಸ್ಫಟಿಕದ ಹೂಗಳಿಲ್ಲದ ಅಂಗಳ ಅಂಗಳವೇ ಅಲ್ಲ ಎನ್ನುವುದು ಇನ್ನೊಂದು. ಎರಡೂ ಪಕ್ಷಗಳಲ್ಲಿ ಅನುಭವಸ್ಥರಿದ್ದಾರೆ. ಆದ್ದರಿಂದ ಎರಡನ್ನೂ ತಾಳ್ಮೆಯಿಂದ ಕೇಳಬೇಕಾಗುತ್ತದೆ.

ಮೊದಲು ನೆಲದ ಮಾತು. ಇದು ಮಳೆನೆರಳಿನ ಸೀಮೆ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್; ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರಿನಲ್ಲಿ, ಹುಬ್ಬಿ, ಉತ್ತರಿ ಮಳೆಗಳ ಹೊತ್ತಿಗೆ ಬೀಳುತ್ತದೆ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿ ವಿಶೇಷವಲ್ಲ. ಬಹುಪಾಲು ಎರೆಮಣ್ಣು: ತೊಯ್ದರೆ ಉಬ್ಬಿ ನೀರು ಹಿಡಿದಿಡುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರನ್ನೇ ಹರಿಯುತ್ತದೆ. ಸುಣ್ಣದಂಶವೂ ಹೆಚ್ಚು. ಸೊಲ್ಲಾಪುರ ನಗರಕ್ಕೆ ಭೀಮಾ ನದಿಯ ಉಜನಿ ಜಲಾಶಯದಿಂದ ನೀರು ಬರಬೇಕು, ನಲ್ಲಿ ಹಲವು ದಿನಗಳಿಗೊಮ್ಮೆ ಬರುವುದು ಜನರಿಗೆ ರೂಢಿಯಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಕೆರೆ ತೋಡಿಸುವುದನ್ನೇ ಶಿವಪೂಜೆಯೆಂದು ಕಂಡ ಊರು ಇದು. ಇಲ್ಲಿ ಹೂವಿನ ಲೆಕ್ಕವೆಂದರೆ ಕೊನೆಗೂ ನೀರಿನ ಲೆಕ್ಕವೇ.

ನಿತ್ಯ ಅರಳುವ ಗಿಡಗಳ ಪರವಾದ ವಾದ ಬಲವಾಗುವುದು ಇಲ್ಲಿಯೇ. ಕಣಗಿಲೆ ಒಮ್ಮೆ ಬೇರೂರಿದರೆ ಬರಗಾಲವನ್ನೂ ಸುಣ್ಣದ ಮಣ್ಣನ್ನೂ ಸಹಿಸುತ್ತದೆ. ಹೆದ್ದಾರಿಗಳ ನಡುಪಟ್ಟಿಯಲ್ಲಿ ಅದನ್ನೇ ನೆಡುವುದು ಸುಮ್ಮನಲ್ಲ. ದಕ್ಷಿಣ ಅಮೆರಿಕದಿಂದ ಬಂದ ಕಾಗದದ ಹೂವಿನ ಬಳ್ಳಿಯಂತೂ ನೀರು ತುಸು ಕಡಿಮೆಯಾದಾಗಲೇ ಹೆಚ್ಚು ಬಣ್ಣ ತೋರುತ್ತದೆ. ನಂದಿಬಟ್ಟಲು ಹೆಚ್ಚುಕಡಿಮೆ ವರ್ಷವಿಡೀ ಜಗಲಿಯ ಲಿಂಗಕ್ಕೆ ಬಿಳಿ ಹೂ ಒದಗಿಸುತ್ತದೆ. ಪೂಜೆ ನಿತ್ಯದ್ದಾದ ಮೇಲೆ ಹೂವೂ ನಿತ್ಯದ್ದಾಗಿರಲಿ ಎಂಬ ಮಾತಿನಲ್ಲಿ ತರ್ಕವಿದೆ. ಮಕ್ಕಳು ಪುಣೆ, ಮುಂಬಯಿ ಸೇರಿ, ಮನೆಯಲ್ಲಿ ವಯಸ್ಸಾದವರಷ್ಟೇ ಉಳಿದಿರುವ ಕಡೆ ಆರೈಕೆ ಬೇಡದ ಗಿಡದ ಬೆಲೆ ಇನ್ನೂ ಹೆಚ್ಚು.

ಎದುರು ಪಕ್ಷ ಇದನ್ನು ಅಲ್ಲಗಳೆಯುವುದಿಲ್ಲ. ಪ್ರಶ್ನೆಯನ್ನೇ ಬೇರೆ ಕಡೆಯಿಂದ ಕೇಳುತ್ತದೆ. ಹೂವು ಎಷ್ಟು ದಿನ ಅರಳುತ್ತದೆ ಎಂಬುದಕ್ಕಿಂತ ಬೇಕಾದಾಗ ಅರಳುತ್ತದೆಯೇ ಎಂಬುದು ಮುಖ್ಯವಲ್ಲವೇ? ಈ ಸೀಮೆಯ ದೊಡ್ಡ ಹಬ್ಬಗಳೆಲ್ಲ ಮಳೆ ಹಿಂದೆ ಸರಿಯುವ ಕಾಲದಿಂದ ಸಂಕ್ರಾಂತಿಯವರೆಗೆ ಸಾಲುಗಟ್ಟಿವೆ: ನವರಾತ್ರಿಯ ಘಟ, ಶೀಗೆ ಹುಣ್ಣಿಮೆಗೆ ತುಳಜಾಪುರದ ಕಾಲ್ನಡಿಗೆ, ದೀಪಾವಳಿ, ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಭಕ್ತರು ನೆರೆಯುವ ದತ್ತ ಜಯಂತಿ, ಕೊನೆಗೆ ಸಿದ್ಧೇಶ್ವರನ ನಂದಿಧ್ವಜಗಳ ಜಾತ್ರೆ. ಈ ತಿಂಗಳುಗಳಲ್ಲಿ ಪೇಟೆಯ ಹೂವಿನ ಬೆಲೆ ಏರುತ್ತದೆ. ಕಾಗದದ ಹೂವು ಎಷ್ಟೇ ಹೇರಳವಾಗಿದ್ದರೂ ದೇವರಿಗೂ ಏರುವುದಿಲ್ಲ, ಮುಡಿಗೂ ಸಲ್ಲುವುದಿಲ್ಲ. ಅದರಲ್ಲಿ ನಾವು ಹೂವೆನ್ನುವ ಬಣ್ಣದ ಭಾಗ ಬರೀ ಎಲೆಯ ರೂಪಾಂತರ. ನಿಜವಾದ ಹೂವು ನಡುವಿನ ಸಣ್ಣ ಬಿಳಿ ಕೊಳವೆ. ದಾಸವಾಳದ ಗಿಡ ತಿಂಗಳುಗಟ್ಟಲೆ ಅರಳಿದರೂ ಒಂದೊಂದು ಹೂವಿನ ಆಯುಷ್ಯ ಒಂದೇ ದಿನ. ಸೇವಂತಿಗೆಯಾದರೋ ಗಿಡದ ಮೇಲೆ ವಾರಗಟ್ಟಲೆ ನಿಲ್ಲುತ್ತದೆ, ಕೊಯ್ದ ಮೇಲೂ ಬಾಡುವುದು ನಿಧಾನ. ಹಾಗಾದರೆ ಬಹುಕಾಲದ ಹೂವು ಯಾವುದು?

ಇದಕ್ಕೆ ಮೊದಲ ಪಕ್ಷದ ಉತ್ತರ ಗಂಭೀರವಾದದ್ದು. ಸೇವಂತಿಗೆ ಪಂಚಾಂಗ ನೋಡಿ ಅರಳುವುದಿಲ್ಲ, ರಾತ್ರಿಯ ಉದ್ದ ನೋಡಿ ಅರಳುತ್ತದೆ. ಇರುಳು ಒಂದು ಮಿತಿ ದಾಟಿ ಉದ್ದವಾದ ಮೇಲಷ್ಟೇ ಅದು ಮೊಗ್ಗಿಗೆ ತೊಡಗುತ್ತದೆ. ಗಿಡಗಳ ಈ ಗುಣವನ್ನು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ವಿವರಿಸಿದರು. ಹಬ್ಬವಾದರೋ ಚಾಂದ್ರಮಾನದ್ದು. 2023ರಲ್ಲಿ ನವರಾತ್ರಿ ಅಕ್ಟೋಬರ್ 15ಕ್ಕೆ ಶುರುವಾದರೆ 2025ರಲ್ಲಿ ಸೆಪ್ಟೆಂಬರ್ 22ಕ್ಕೇ ಬಂತು. ಇಷ್ಟು ಮುಂಚಿನ ಹಬ್ಬಕ್ಕೆ ಮನೆಯ ಸೇವಂತಿಗೆ ಸಿಕ್ಕುವುದು ಕಷ್ಟ. ಅಂಗಳದ ಎದುರಿಗೆ ಬೀದಿದೀಪ ಇರುಳೆಲ್ಲ ಉರಿಯುತ್ತಿದ್ದರೆ ಮೊಗ್ಗು ಇನ್ನೂ ತಡವಾಗಬಹುದು. ಮೇಲಾಗಿ ಗಿಡ ಬಲಿಯುವ ಸೆಪ್ಟೆಂಬರಿನಲ್ಲೇ ಮಳೆ ಜೋರು. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿಗೆ ನೆರೆ ಬಂದು ಜಿಲ್ಲೆಯ ಬೆಳೆಗಳೇ ಮುಳುಗಿದವು. ಅಂಥ ವರ್ಷ ಹಾಗಿರಲಿ, ಸಾಧಾರಣ ವರ್ಷದಲ್ಲೂ ಎರೆಮಣ್ಣಿನಲ್ಲಿ ನೀರು ನಿಂತರೆ ಸೇವಂತಿಗೆಯ ಬೇರು ಕೊಳೆಯುತ್ತದೆ. ಕುಡಿ ಚಿವುಟುವುದು, ಆಸರೆ ಕೊಡುವುದು, ಹೇನು ನೋಡಿಕೊಳ್ಳುವುದು, ಬೇಸಿಗೆಯಲ್ಲಿ ತಾಯಿಗಿಡ ಉಳಿಸಿಕೊಂಡು ಮತ್ತೆ ಕಂದು ಬಿಡಿಸಿ ನೆಡುವುದು, ಇಷ್ಟೆಲ್ಲ ಮಾಡಿದರೆ ಮಾತ್ರ ಅದು ಬಹುವಾರ್ಷಿಕ.

ಆದರೆ ಶರತ್ತಿನ ಪಕ್ಷ ಸೇವಂತಿಗೆಯೊಂದನ್ನೇ ನಂಬಿ ನಿಂತಿಲ್ಲ. ಪಾರಿಜಾತ ಶ್ರಾವಣ ಮುಗಿಯುವ ಹೊತ್ತಿಗೇ ಅರಳಲು ತೊಡಗಿ ಚಳಿಯವರೆಗೆ ಮುಂದುವರಿಯುತ್ತದೆ. ನೆಲಕ್ಕೆ ಬಿದ್ದ ಹೂವನ್ನೂ ದೇವರಿಗೆ ಏರಿಸಬಹುದೆಂಬ ವಿನಾಯಿತಿ ಪಡೆದ ಹೂವು ಅದು. ಬಲಿತ ಮೇಲೆ ನೀರಿನ ಹಂಗೂ ಅದಕ್ಕೆ ಕಡಿಮೆ. ಮರಾಠಿ ನೆರೆಯವರು ಕೋರಾಂಟಿ ಎನ್ನುವ ಸ್ಫಟಿಕದ ಹೂವು ಈ ನಾಡಿನದೇ ಪೊದೆ. ಮಳೆ ನಿಂತ ಮೇಲೆ ಚಳಿಗಾಲದವರೆಗೆ ಹೂ ಕೊಟ್ಟು, ಬೇಸಿಗೆಯನ್ನು ಹೇಗೋ ಕಳೆಯುತ್ತದೆ. ಸುಗಂಧರಾಜದ ಗಡ್ಡೆಗಳನ್ನು ಎರಡು ಮೂರು ವರ್ಷ ಕೀಳದೆ ಬಿಡಬಹುದು. ಶರತ್ತಿನ ಹೂವೆಂದರೆ ನೀರು ಕುಡಿಯುವ ಹೂವು ಎಂಬ ಆಕ್ಷೇಪ ಹೀಗಾಗಿ ಅರ್ಧ ಮಾತ್ರ ನಿಜ.

ಸುರಕ್ಷತೆಯ ಪ್ರಶ್ನೆಯಲ್ಲಿ ಶರತ್ತಿನ ಪಕ್ಷದ ಕೈ ಕೊಂಚ ಮೇಲಾಗುತ್ತದೆ. ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ಹೃದಯಕ್ಕೆ ವಿಷ. ನಿತ್ಯಪುಷ್ಪವೂ ತಿನ್ನುವಂಥದ್ದಲ್ಲ, ವಿನ್‌ಕ್ರಿಸ್ಟಿನ್‌ನಂಥ ಕ್ಯಾನ್ಸರ್ ಮದ್ದು ಅದರಿಂದ ದೊರೆತದ್ದು ಅದರೊಳಗಿನ ತೀಕ್ಷ್ಣ ಸತ್ವದಿಂದಲೇ. ಪುಟ್ಟ ಮಕ್ಕಳಿರುವ ಮನೆ ಯೋಚಿಸಬೇಕಾದ ಮಾತಿದು. ಇನ್ನೊಂದು ಮುಖವೂ ಇದೆ: ಆಡು, ದನ ಬಾಯಿ ಹಾಕದಿರುವುದರಿಂದಲೇ ಹಳ್ಳಿಯ ಬೇಲಿಯಂಚಿನಲ್ಲಿ ಕಣಗಿಲೆ ಉಳಿಯುತ್ತದೆ, ಕೆಲವು ಜಾತಿಯ ಪಾತರಗಿತ್ತಿಗಳ ಮರಿಹುಳುಗಳು ಅದರ ಎಲೆಯನ್ನೇ ತಿಂದು ಬೆಳೆಯುತ್ತವೆ.

ಬಚ್ಚಲ ನೀರಿನ ವಿಷಯದಲ್ಲಿ ತಕ್ಕಡಿ ಮತ್ತೆ ಆಚೆ ವಾಲುತ್ತದೆ. ನಲ್ಲಿ ನೀರು ಅಮೂಲ್ಯವಾದ ಊರಿನಲ್ಲಿ ಬಳಸಿ ಚೆಲ್ಲಿದ ನೀರೇ ಹೂದೋಟದ ಆಧಾರ. ಸಾಬೂನಿನ ಕ್ಷಾರ ಮೊದಲೇ ಸುಣ್ಣವಿರುವ ಮಣ್ಣಿಗೆ ಸೇರಿದರೆ ಸೇವಂತಿಗೆ, ಗುಲಾಬಿಗಳ ಎಲೆ ಹಳದಿಗಟ್ಟುವ ಸಂಭವವಿದೆ. ಕಣಗಿಲೆ ಅದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ತರಕಾರಿ, ಅಕ್ಕಿ ತೊಳೆದ ನೀರು ಸೂಕ್ಷ್ಮ ಗಿಡಗಳಿಗೂ ಆಗುತ್ತದೆ. ಆದರೆ ಅದು ಒಂದೆರಡು ಕೊಡ, ದೊಡ್ಡ ಮಡಿಗೆ ಸಾಲದು.

ಇಷ್ಟು ತೂಗಿ ನೋಡಿದ ಮೇಲೆ, ಯಾವ ಪಕ್ಷಕ್ಕೂ ಪೂರ್ತಿ ಒಲಿಯಲು ಮನಸ್ಸು ಬಾರದು. ಬಹುಶಃ ಸೂಕ್ತವಾದದ್ದು ಇದು: ನೆಲವನ್ನು ತಡೆದುಕೊಳ್ಳುವ ಗಿಡಗಳಿಗೆ ಬಿಡುವುದು, ಕುಂಡವನ್ನು ಆರೈಕೆ ಬೇಡುವ ಗಿಡಗಳಿಗೆ ಮೀಸಲಿಡುವುದು. ಒಂದು ನಂದಿಬಟ್ಟಲು, ಒಂದು ಪಾರಿಜಾತ, ಬೇಲಿಯುದ್ದಕ್ಕೆ ಸ್ಫಟಿಕ. ಇವುಗಳಲ್ಲಿ ಮೊದಲನೆಯದು ನಿತ್ಯಪೂಜೆಗೆ, ಉಳಿದೆರಡು ಶರತ್ತಿಗೆ. ಬಚ್ಚಲ ನೀರು ಹರಿಯುವ ಕಡೆ, ಮಕ್ಕಳ ಓಡಾಟವಿಲ್ಲದಿದ್ದರೆ, ಕಣಗಿಲೆ ಇರಲಿ. ಸೇವಂತಿಗೆ ಬೇಕೆನ್ನುವವರು ಮರಳು, ಗೊಬ್ಬರ ಬೆರೆಸಿದ ಮೂರು ನಾಲ್ಕು ಕುಂಡಗಳಿಗೆ ತೃಪ್ತರಾಗುವುದು ಲೇಸು. ಮಳೆ ಹೆಚ್ಚಾದರೆ ಕುಂಡವನ್ನು ಸರಿಸಬಹುದು, ಬೀದಿದೀಪದಿಂದ ಮರೆಮಾಡಬಹುದು. ಅವು ದಸರೆಗೆ ತಪ್ಪಿದರೂ ದೀಪಾವಳಿಗೋ ದತ್ತ ಜಯಂತಿಗೋ ಒದಗುವ ಸಾಧ್ಯತೆ ಹೆಚ್ಚು. ದಸರೆಯ ಮಾಲೆಗೆ ಚೆಂಡುಹೂವನ್ನು ರೈತರಿಂದಲೇ ಕೊಂಡರಾಯಿತು. ಈ ಏರ್ಪಾಟು ಎಲ್ಲ ಮನೆಗೂ ಹೊಂದುತ್ತದೆಂದು ಹೇಳಲಾಗದು. ಬಾವಿಯಿದ್ದವರು ಶರತ್ತಿನ ಕಡೆಗೆ, ಟ್ಯಾಂಕರ್ ನಂಬಿದವರು ನಿತ್ಯದ ಕಡೆಗೆ ಇನ್ನಷ್ಟು ವಾಲಬಹುದು. ಆದರೆ ನರ್ಸರಿಗೆ ಹೋಗುವ ಮುನ್ನ ಚೈತ್ರ, ವೈಶಾಖಗಳಲ್ಲಿ ಮನೆಯಲ್ಲಿ ದಿನಕ್ಕೆ ಎಷ್ಟು ಕೊಡ ನೀರು ಉಳಿಯುತ್ತದೆ ಎಂದು ಕೇಳಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಅಷ್ಟಕ್ಕೆ ಬದುಕುವ ಗಿಡ ಮಾತ್ರ ಆಶ್ವೀಜಕ್ಕೆ ಹೂ ಕೊಟ್ಟೀತು.