ಗೆಳೆಯನ ಮೇಲೆ ದಾವೆ ಹೂಡಬಹುದೇ?

"ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ" ಎಂಬ ಗಾದೆಯನ್ನು ನಮ್ಮ ಜನ ನಗುತ್ತ ಹೇಳುವರು. ನಗದೆ ಹೇಳಿದವರೊಬ್ಬರನ್ನು ಕಳೆದ ತಿಂಗಳು ಕಂಡೆವು. ಶ್ರೀಮಠದ ಪ್ರಸಾದನಿಲಯದಲ್ಲಿ ಓದಿ, ಶಿಕ್ಷಕರಾಗಿ ನಿವೃತ್ತರಾದ ಸದ್ಭಕ್ತರು ಅವರು. ಅದೇ ನಿಲಯದಲ್ಲಿ ತಮ್ಮೊಡನೆ ಒಂದೇ ಚಾಪೆಯ ಮೇಲೆ ಮಲಗಿದ ಗೆಳೆಯನಿಗೆ, ಅವನ ಮಗಳ ಮದುವೆಯ ಅಡಚಣೆಗೆಂದು, ನಿವೃತ್ತಿಯ ಹಣದಿಂದ 2,00,000 ರೂಪಾಯಿ ಕೈಗಡ ಕೊಟ್ಟಿದ್ದರು. ಎರಡೂವರೆ ವರ್ಷಗಳಾದವು. ಆ ಗೆಳೆಯ ಈ ನಡುವೆ ಮನೆಯ ಮೇಲೆ ಮಹಡಿ ಕಟ್ಟಿಸಿದ್ದಾನೆ. ಇವರು ಎದುರಾದರೆ ಬೇರೆ ಓಣಿ ಹಿಡಿಯುತ್ತಾನೆ. "ಅಪ್ಪಾವರೆ, ದಾವೆ ಹೂಡಿದರೆ ಪಾಪ ಬರುವುದೇ?" ಎಂದು ಕೇಳಿದರು.

ಬಾರದು ಎಂದೆವು. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ಮುಖ ಕಿವುಚಿ, ಗೆಳೆತನ ದೊಡ್ಡದೋ ಹಣ ದೊಡ್ಡದೋ ಎಂದರು. ವಾಚಕರೇ, ನಿಮ್ಮಲ್ಲಿಯೂ ಹಲವರ ಅಭಿಪ್ರಾಯ ಇದೇ ಇದ್ದೀತು. ಅದು ತಪ್ಪೆಂದು ಹೇಳುವುದಕ್ಕಾಗಿಯೇ ಈ ಬರಹ.

ಈ ಪ್ರಶ್ನೆಯನ್ನು ಸದಾ ಕೊಟ್ಟವನಿಗೇ ಕೇಳುವರಲ್ಲದೆ ಪಡೆದವನಿಗೆ ಯಾರೂ ಕೇಳರು. ಶಿಕ್ಷಕನ ನಿವೃತ್ತಿಯ ಹಣವೆಂದರೆ ಮೂವತ್ತು ವರ್ಷಗಳ ಕಾಯಕ. ವೇದಿಕೆಯ ಮೇಲೆ ಕಾಯಕವನ್ನು ಹೊಗಳಿ, ಮನೆಯಲ್ಲಿ ಅದರ ಫಲವನ್ನು ಬಾಯಿಮುಚ್ಚಿಕೊಂಡು ಬಿಟ್ಟುಕೊಡೆಂದು ಉಪದೇಶಿಸುವುದು ಯಾವ ಧರ್ಮ? ದಾಸೋಹವು ಕೊಡುವವನ ಮನಸ್ಸಿನಿಂದ ನಡೆಯತಕ್ಕದ್ದು. ಇನ್ನೊಬ್ಬನು ಹಿಡಿದಿಟ್ಟುಕೊಂಡದ್ದಕ್ಕೆ ಆ ಹೆಸರು ಸಲ್ಲದು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಪೀಠಕ್ಕೆ ಬಂದ ಹೊಸತರಲ್ಲಿ, ಇಂಥದೇ ಮೊರೆಯೊಡನೆ ಬಂದ ರೈತರೊಬ್ಬರಿಗೆ ತಾಳಿದವನು ಬಾಳಿಯಾನೆಂದು ಹೇಳಿ ಕಳುಹಿದೆವು. ಅವರು ನಮ್ಮ ಮಾತನ್ನು ಮೀರಲಿಲ್ಲ. ಆದರೆ 1963ರ ಕಾಲಮಿತಿ ಕಾಯ್ದೆ ಅವರ ತಾಳ್ಮೆಗಾಗಿ ಕಾಯಲಿಲ್ಲ. ಗಡುವು ಗೊತ್ತುಮಾಡದ ಕೈಗಡಕ್ಕೆ ಹಣ ಕೊಟ್ಟ ದಿನದಿಂದ ಮೂರು ವರ್ಷ. ಕೇಳಿದಾಗ ಕೊಡತಕ್ಕ ಪ್ರೋನೋಟಿಗೂ ಅದರ ತಾರೀಖಿನಿಂದ ಮೂರೇ ವರ್ಷ. ಅದು ಕಳೆಯಿತೆಂದು ತಿಳಿದೊಡನೆ ಸಾಲಗಾರನು ಮಾತನಾಡಿಸುವುದನ್ನೂ ಬಿಟ್ಟನು. ಹಣ ಹೋಯಿತು, ಗೆಳೆತನವೂ ಹೋಯಿತು, ಉಳಿದದ್ದು ನಮ್ಮ ಉಪದೇಶ. ದಾವೆಯ ಬಾಗಿಲು ಮುಚ್ಚಿದ ಮಾತ್ರಕ್ಕೆ ಋಣ ತೀರಿತೆಂದು ಕಾನೂನೂ ಹೇಳುವುದಿಲ್ಲ. ಅವಧಿ ಮೀರಿದ ಸಾಲವನ್ನು ತೀರಿಸುವೆನೆಂದು ಬರೆದು ಸಹಿಮಾಡಿದರೆ 1872ರ ಕರಾರು ಕಾಯ್ದೆ ಆ ಮಾತನ್ನು ಮನ್ನಿಸುತ್ತದೆ. ಆದರೆ ಬೇರೆ ಓಣಿ ಹಿಡಿಯುವವನು ಬರೆದುಕೊಡುವನೇ?

ಅವಧಿಯೊಳಗೆ ಸಾಲ ಉಂಟೆಂದು ಬರೆದು ಸಹಿಮಾಡಿದರೂ ಆ ದಿನದಿಂದ ಮತ್ತೆ ಮೂರು ವರ್ಷ ದೊರೆಯುವುದು. ಒಂದು ಸಾಲಿನ ಬರಹ ಅಷ್ಟೆ. ಕೈಯಲ್ಲಿ ಹಣವಿದ್ದೂ ತೀರಿಸದೆ, ಅಷ್ಟನ್ನೂ ಬರೆದುಕೊಡಲೊಲ್ಲದವನು ವಕೀಲರ ಕಾಗದ ಬರುವ ಮೊದಲೇ ಗೆಳೆತನವನ್ನು ಮುರಿದಿದ್ದಾನೆ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತನ್ನು ನಾವೂ ಬಲ್ಲೆವು. ಅದರಲ್ಲಿ ಹುರುಳಿಲ್ಲದೆ ಇಲ್ಲ. ನ್ಯಾಯಾಲಯ ಶುಲ್ಕವುಂಟು, ವಾಯಿದೆಗಳುಂಟು. ಡಿಕ್ರಿ ಕೈಗೆ ಬಂದ ಮೇಲೂ ಅಮಲ್ಜಾರಿಗೆ ಅಲೆದಾಟವುಂಟು. ರೈತನ ನೇಗಿಲು, ಎತ್ತು, ವಾಸದ ಮನೆಗಳನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಜಪ್ತಿಯಿಂದ ಕಾಪಾಡಿದೆ, ಅದು ಸರಿಯೂ ಹೌದು. ಆದುದರಿಂದ ಕೊಡಲಾರದವನ ಮೇಲೆ ದಾವೆ ಹೂಡುವುದು ವ್ಯರ್ಥ, ಕ್ರೌರ್ಯವೂ ಹೌದು. ಬೆಳೆ ಹೋಗಿ ಗೆಳೆಯನು ಬರಿಗೈಯಾಗಿದ್ದರೆ ಅವನ ಮನೆಗೆ ಹೋಗಿ, ಬಿಟ್ಟೆನೆಂದು ಬಾಯಿಬಿಟ್ಟು ಹೇಳಿರಿ. ಬಿಡದೆ, ನೇರವಾಗಿ ಕೇಳದೆ, ಮದುವೆಯ ಮನೆಗಳಲ್ಲಿ ಅವನ ಮರ್ಯಾದೆ ಕಳೆಯುತ್ತ ಕೂಡುವ ಭಕ್ತರನ್ನು ನಾವು ಬಹಳ ಕಂಡಿದ್ದೇವೆ. ಅವರಿಗಿಂತ ದಾವೆ ಹೂಡಿದವನೇ ಮೇಲು.

ನಡುವಣ ದಾರಿಯೊಂದಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ, ದಾವೆ ಹೂಡುವ ಮುನ್ನವೇ ಲೋಕ ಅದಾಲತ್ತಿಗೆ ಹೋಗಬಹುದು. ಶುಲ್ಕವಿಲ್ಲ; ಇಬ್ಬರೂ ಒಪ್ಪಿದರೆ ಅಲ್ಲಿಯ ತೀರ್ಮಾನವು ಡಿಕ್ರಿಗೆ ಸಮಾನ, ಮೇಲ್ಮನವಿಯೂ ಇಲ್ಲ. ಮಠದ ಕಟ್ಟೆಯ ಮೇಲೆ ನಾವು ಹೇಳುವ ಪಂಚಾಯಿತಿಗೆ ಆ ಬಲವಿಲ್ಲವೆಂಬುದನ್ನು ಭಕ್ತರು ಅರಿಯಬೇಕು.

ಬಡ್ಡಿಯನ್ನೂ ಸೇರಿಸೋಣವೆಂದು ವಕೀಲರು ಆ ಶಿಕ್ಷಕರಿಗೆ ಹೇಳಿದರಂತೆ. ಮಾತನಾಡಿರದ ಬಡ್ಡಿಯನ್ನು ಬರೆಸಬೇಡಿರೆಂದೆವು. ಹೆಚ್ಚಾಗಿ ತಂದ ಅಕ್ಕಿಯನ್ನು ಗಂಡನ ಕೈಯಿಂದಲೇ ಹಿಂದಿರುಗಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಸಾಲ ಕೊಟ್ಟವನಿಗೂ ಅನ್ವಯಿಸುತ್ತದೆ.

ಅವರಿಗೆ ಇನ್ನು ಆರು ತಿಂಗಳಿವೆ. ಹಣ ಹೋದದ್ದನ್ನು ಬ್ಯಾಂಕಿನ ಲೆಕ್ಕ ತೋರಿಸೀತು. ಅದು ಸಾಲವೆಂಬುದಕ್ಕೆ ಬೇರೆ ಆಧಾರ ಬೇಕು. ಆದುದರಿಂದ ಮೊದಲು ಸ್ವಹಸ್ತದ ಪತ್ರ, ಉತ್ತರ ಬಾರದಿದ್ದರೆ ವಕೀಲರ ನೋಟೀಸು, ಆಮೇಲೆ ಅದಾಲತ್ತು, ಅಲ್ಲಿಗೂ ಗೆಳೆಯ ಬಾರದಿದ್ದರೆ ಅವಧಿ ಮುಗಿಯುವ ಮುನ್ನ ದಾವೆ ಎಂದು ಗೊತ್ತುಮಾಡಿದೆವು. ಪತ್ರವನ್ನು ನಮ್ಮೆದುರಿಗೇ ಬರೆದರು. "ಪ್ರೀತಿಯ ಗೆಳೆಯಾ" ಎಂದು ಬರೆದು, ಹೊಡೆದುಹಾಕಿ, ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಮತ್ತೆ ಬರೆದರು. ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿ ರಸೀದಿಯನ್ನು ಇಟ್ಟುಕೊಂಡಿದ್ದಾರೆ.