ಹಳೆಯ ಹುಲ್ಲುಕಟ್ಟುವ ಯಂತ್ರವನ್ನು ಕೊಳ್ಳುವ ಮುನ್ನ

ನವಲಿಯ ರೈತ ಗೃಹಸ್ಥರೊಬ್ಬರು ನಮಗೆ ಕಾಗದ ಬರೆದಿರುವರು. ಮನೆಯಾಕೆಯ ಬಂಗಾರವನ್ನು ಒತ್ತೆಯಿಟ್ಟು, ಮೂರು ವರ್ಷ ದುಡಿದ ದುಂಡುಪೆಂಡಿಯ ಬೇಲರ್ ಒಂದನ್ನು ಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ. ಬಂಗಾರದ ಮಾತು ಬಂದುದರಿಂದ ತುಸು ವಿಸ್ತಾರವಾಗಿಯೇ ಉತ್ತರಿಸುವೆವು.

ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿ, ಕಾರಟಗಿಯ ಸೀಮೆಯು ಭತ್ತದ ನಾಡಾಯಿತಷ್ಟೆ. ಕುಡುಗೋಲಿನಿಂದ ಕೊಯ್ಯುತ್ತಿದ್ದಾಗ ಹುಲ್ಲು ಕಣದಿಂದ ನೇರವಾಗಿ ಬಣವೆಗೆ ಸೇರುತ್ತಿತ್ತು. ಕೊಯ್ಲಿನ ಯಂತ್ರ ಬಂದಂದಿನಿಂದ ಗದ್ದೆಯಲ್ಲಿಯೇ ಸಾಲಾಗಿ ಬೀಳುವುದು. ಸುಟ್ಟರೆ ಮೇವೂ ಹೋಯಿತು, ಮಣ್ಣಿನ ಸತ್ವವೂ ಹೋಯಿತು. ಬೇಲರಿಗೆ ಗಿರಾಕಿ ಹೆಚ್ಚಿರುವುದು ಸಹಜವೇ.

ಬಣ್ಣಕ್ಕೆ ಮರುಳಾಗಬಾರದು, ಹೊಸ ಬಣ್ಣವು ಬೆಸುಗೆಯ ಬಿರುಕನ್ನು ಮುಚ್ಚಬಲ್ಲುದು. ಮೊದಲು ಟ್ರಾಕ್ಟರಿನಿಂದ ಬಿಡಿಸಿ, ಉರುಳೆಗಳನ್ನು ಕೈಯಿಂದ ಅಲುಗಿಸಿರಿ. ಅತ್ತಿತ್ತ ಆಡಿದರೆ ಬೇರಿಂಗು ಸವೆದಿದೆಯೆಂದು ತಿಳಿಯತಕ್ಕದ್ದು. ಭತ್ತದ ಹುಲ್ಲಿನಲ್ಲಿ ಸಿಲಿಕಾ ಎಂಬ ಮರಳಿನಂಶವುಂಟು. ಅದರೊಡನೆ ಗದ್ದೆಯ ಮಣ್ಣೂ ಸೇರಿ ಕಬ್ಬಿಣವನ್ನು ಅರದಂತೆ ತೇಯುವುದು. ಸರಪಣಿಯನ್ನು ಹಲ್ಲುಗಾಲಿಯ ಮೇಲಿಂದ ಬೆರಳಲ್ಲಿ ಎಳೆದು ನೋಡಿರಿ. ಹೆಚ್ಚು ಮೇಲೆದ್ದರೆ ಅದು ಹಿಗ್ಗಿದೆ. ಹಲ್ಲುಗಳೂ ಕೊಕ್ಕೆಯಂತೆ ಬಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಆ ವೆಚ್ಚವನ್ನು ಬೆಲೆಯಲ್ಲಿ ಮುರಿಸಿಕೊಳ್ಳಿರಿ. ಹುಲ್ಲೆತ್ತುವ ಕಡ್ಡಿಗಳು ನಾಲ್ಕಾರು ಮುರಿದಿದ್ದರೆ ಹೆದರಬೇಕಾದುದಿಲ್ಲ.

ಇಷ್ಟಕ್ಕೇ ವ್ಯಾಪಾರ ಮುಗಿಸಬಾರದು. ಗದ್ದೆಯಲ್ಲಿ, ಒಣಹುಲ್ಲಿನ ಮೇಲೆ, ಪಿ.ಟಿ.ಓ. ದಂಡವು ನಿಮಿಷಕ್ಕೆ 540 ಸುತ್ತು ತಿರುಗುತ್ತಿರಲು ಇಪ್ಪತ್ತು ಮೂವತ್ತು ಪೆಂಡಿಗಳನ್ನಾದರೂ ಕಟ್ಟಿಸಿ ನೋಡತಕ್ಕದ್ದು. ಒಂದೆರಡನ್ನು ಎಂತಹ ಯಂತ್ರವೂ ಕಟ್ಟೀತು. ಬೇರಿಂಗು ಬಿಸಿಯಾದ ಮೇಲೆಯೇ ನಿಜ ಹೊರಬೀಳುವುದು. ದಾರವು ಸಮನಾಗಿ ಸುತ್ತಿ ತಾನಾಗಿ ಕತ್ತರಿಸಿಕೊಳ್ಳಬೇಕು. ಪೆಂಡಿಯನ್ನು ಎತ್ತಿ ಕೆಡವಿದರೂ ಬಿಚ್ಚಬಾರದು. ದಂಡದ ಮೇಲಣ ಕವಚ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿರಿ. ಬರಿಯ ದಂಡಕ್ಕೆ ಧೋತರದ ಚುಂಗು ಸಿಕ್ಕಿದರೆ ಕ್ಷಣದಲ್ಲಿ ಆಳನ್ನೇ ಸೆಳೆದುಕೊಳ್ಳುವುದು. ಸಿಕ್ಕಿಬಿದ್ದ ಹುಲ್ಲನ್ನು ಓಡುವ ಯಂತ್ರದಿಂದ ಕೈಯಲ್ಲೆಳೆದು ತೋರಿಸುವ ಮಾರಾಟಗಾರನ ಜಾಣತನವನ್ನು ನಾವಂತೂ ಮೆಚ್ಚಲಾರೆವು.

ಬಿಡಿಭಾಗಗಳು ಗಂಗಾವತಿಯಲ್ಲಿ ದೊರೆಯುವುವೋ ವಿಚಾರಿಸಿರಿ. ಕೊಯ್ಲಿನ ದಿನಗಳು ಕೆಲವೇ. ಒಂದು ಬೇರಿಂಗಿಗಾಗಿ ವಾರ ಕಾದರೆ ಹುಲ್ಲು ಬೇರೆಯವರ ಪಾಲಾಗುವುದು.

ಇನ್ನು ಬಂಗಾರದ ವಿಷಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದುದು ಅವರಿಗೆ ನೆನಪಿರಬಹುದು. ಎರಡನೆಯ ಬೆಳೆಗೆ ನೀರು ಪ್ರತಿವರ್ಷವೂ ಬಂದೇಬರುವುದೆಂಬ ಭರವಸೆಯಿಲ್ಲ. ಆದುದರಿಂದ ಬಾಡಿಗೆಯ ಆದಾಯವನ್ನು ಒಂದೇ ಹಂಗಾಮಿಗೆ ಲೆಕ್ಕಹಾಕಿ, ಡೀಸೆಲು, ದಾರ, ಆಳಿನ ಕೂಲಿ ಕಳೆಯಲಿ. ಉಳಿದುದರಲ್ಲಿ ವರ್ಷದ ಬಡ್ಡಿಯೂ ಅಸಲಿನ ಒಂದು ಪಾಲೂ ತೀರದಿದ್ದರೆ, ಆಕೆಯ ಬಂಗಾರವು ಪೆಟ್ಟಿಗೆಯಲ್ಲಿಯೇ ಇರಲಿ.